ಅಣ್ಣಯ್ಯನ ಗೋಡೆಯಲ್ಲಿ ಇಲ್ಲದ ಬೊಟ್ಟು

ನಮ್ಮವ್ವ ಯಾವ ಕಾಯಿಲೆಯಿಂದ ಸತ್ತಳು ಎನ್ನುವುದನ್ನು ನಾನು ನಮ್ಮಣ್ಣನಿಗೆ ಹೇಳಲಿಲ್ಲ. ಒಂದು ದಿನ ಎರಡು ದಿನವಲ್ಲ, ಹನ್ನೆರಡು ವರ್ಷ ಹೇಳಲಿಲ್ಲ. ಇದೇನು ಮಹಾ ವಿಷಯ ಎನ್ನುತ್ತೀರಾ? ನಮ್ಮಣ್ಣ ಎಂಥ ಆಸಾಮಿ ಎಂದು ಗೊತ್ತಾದರೆ ಹಾಗೆ ಕೇಳುವುದಿಲ್ಲ. ಅರಸೀಕೆರೆಯಿಂದ ಬೇಲೂರಿನ ತನಕ ಯಾರ ಮನೆಯಲ್ಲಿ ಯಾರು ಯಾವುದರಿಂದ ಹೋದರು ಎನ್ನುವುದನ್ನು ಯಮ ಮರೆತರೂ ಅವನು ಮರೆಯುವುದಿಲ್ಲ. ಚಿತ್ರಗುಪ್ತನಿಗೆ ಎಲ್ಲಾದರೂ ಅನುಮಾನ ಬಂದರೆ ಜಾವಗಲ್ಲಿನ ನಮ್ಮ ಗಿರಣಿಗೇ ಬಂದು ವಿಚಾರಿಸಬೇಕು! ಅಂಥವನಿಗೆ ತನ್ನ ಹೆತ್ತ ತಾಯಿಯ ವಿಷಯ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ನಾನು.

ಅವನು ಬಸ್ ಕಂಡಕ್ಟರ್ ಆಗಿದ್ದವನು. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು ರೂಟಿನಲ್ಲಿ ಮೂವತ್ತು ವರ್ಷ ಸೀಟಿ ಊದಿದ್ದಾನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, “ನೀವು ತೋರಿಸಿದ ಹೆಣ್ಣುಗಳೆಲ್ಲಾ ನನ್ನ ಬಸ್ಸಲ್ಲಿ ಚಿಲ್ಲರೆಗೆ ಜಗಳ ಆಡಿರೋರೇ ಕಣೇ” ಎನ್ನುತ್ತಾನೆ. ಐವತ್ತಕ್ಕೇ ರಿಟೈರ್‌ಮೆಂಟ್ ತೆಗೆದುಕೊಂಡು ನಮ್ಮ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಗೆ ಬಂದು ಸೇರಿಕೊಂಡ. ಆದರೆ ಅವನೊಳಗಿನ ಕಂಡಕ್ಟರ್ ರಿಟೈರ್ ಆಗಬೇಕಲ್ಲ! ರಾಗಿ ಬೀಸಿಸಲು ನಾಲ್ಕು ಹೆಂಗಸರು ನಿಂತರೆ ಸಾಕು, “ಮುಂದಕ್ಕೆ ಹೋಗ್ರಮ್ಮ, ಒಳಗೆ ಜಾಗ ಖಾಲಿ ಐತೆ” ಎಂದು ಕೂಗುತ್ತಾನೆ. ಒಳಗೆ ಇರುವುದು ಜಾಗವಲ್ಲ, ತಿರುಗುವ ಬೆಲ್ಟು! ಹಿಟ್ಟು ಬೀಸಿ ಮುಗಿದರೆ “ರೈಟ್!” ಎನ್ನುತ್ತಾನೆ. ಆ ಹೆಂಗಸು ಚೀಲ ತಲೆಗೆ ಏರಿಸಿಕೊಂಡು ಮೆಟ್ಟಿಲಿಳಿದು ಹೋಗುವ ತನಕ ಬಸ್ಸನ್ನು ನೋಡುವ ಹಾಗೆ ನೋಡುತ್ತಾ ನಿಂತಿರುತ್ತಾನೆ.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ತಿಥಿ ಊಟಗಳಿಗೆ ಹೋಗುವ ಚಟ ಹತ್ತಿತು ನೋಡಿ, ಅದು ನಮ್ಮ ಮಾನ ತೆಗೆಯಿತು.

ಊಟಕ್ಕೆ ಹೋಗುತ್ತಿದ್ದನೇ? ಊಟಕ್ಕಾಗಿ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಇವನು ಹೋಗುತ್ತಿದ್ದುದು ಒಂದು ಪ್ರಶ್ನೆ ಕೇಳುವುದಕ್ಕೆ. ಗಂಡಸಿಯಲ್ಲಿ ಒಂದು ತಿಥಿಗೆ ನಾನೂ ಜೊತೆಗೆ ಹೋಗಿದ್ದೆ. ಎಲೆ ಹಾಕಿ ಪಲ್ಯ, ಕೋಸಂಬರಿ ಬಡಿಸಿ ಆಗಿತ್ತು. ಸತ್ತವರ ಮಗ ಪಾಯಸದ ಬಕೆಟ್ ಹಿಡಿದು ಇವನ ಎಲೆಯ ಮುಂದೆ ಬಗ್ಗಿದ.

“ಅಪ್ಪಾರಿಗೆ ಕೊನೇಲಿ ಹೊರಗಡೆಗೆ ಹೆಂಗೆ ಹೋಗ್ತಿತ್ತಪ್ಪ?” ಎಂದ ನಮ್ಮಣ್ಣ.

“ಏನಂದ್ರಿ?”

“ಹೊರಗಡೆಗೆ ಹೋಗೋವಾಗ ರಕ್ತ ಬೀಳ್ತಿತ್ತಾ ಅಂದೆ.”

ಪಂಕ್ತಿಯಲ್ಲಿದ್ದವರ ಕೈಗಳೆಲ್ಲ ಬಾಯಿಯ ಹತ್ತಿರವೇ ನಿಂತುಬಿಟ್ಟವು. ಆ ಹುಡುಗನ ದೊಡ್ಡಪ್ಪ ಓಡಿ ಬಂದು, “ಕಂಡಕ್ಟ್ರೇ, ನಿಮಗೆ ಕೈಮುಗೀತೀನಿ, ಪಾಯಸ ಬಡಿಸೋಗಂಟಾದ್ರೂ ತಡ್ಕಳ್ರಿ” ಎಂದರು.

“ಪಾಯಸ ಎಲ್ಲೋಯ್ತದೆ ಯಜಮಾನ್ರೇ! ಹೇಳ್ರಿ, ಕೆಂಪಗಿತ್ತಾ, ಕಪ್ಪಗಿತ್ತಾ?”

ಆವತ್ತು ಪಾಯಸ ಎಷ್ಟು ಉಳಿಯಿತೆಂದರೆ, ಬಕೆಟ್ಟಿನಲ್ಲಿ ತುಂಬಿ ಬೀದಿಯ ಮನೆಮನೆಗೂ ಹಂಚಿದರಂತೆ. ನಾನು ಸೆರಗು ಮುಖಕ್ಕೆ ಮುಚ್ಚಿಕೊಂಡು ಬಸ್ ಹತ್ತಿದೆ. ಅವನು ಮಾತ್ರ ಕೆಲಸ ಕೈಗೂಡಿದವನ ಹಾಗೆ ಕಿಟಕಿಯ ಪಕ್ಕ ಕೂತು, “ಇತ್ತಂತೆ ಕಣೇ. ಎಂಟು ತಿಂಗಳು ಮೂಲವ್ಯಾಧಿ ಅನ್ಕಂಡು ಸುಮ್ನಿದ್ರಂತೆ” ಎಂದ.

ಈ ಹುಚ್ಚು ಹಿಡಿದಿದ್ದಕ್ಕೆ ಕಾರಣವಿತ್ತು. ಅವನ ಬಸ್ಸಿನ ಡ್ರೈವರ್ ಒಬ್ಬರಿದ್ದರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಆ ಮನುಷ್ಯನಿಗೆ ಕೂರುವ ಕಡೆ ರಕ್ತ ಹೋಗುತ್ತಿತ್ತು. ಡ್ರೈವರ್ ಅಲ್ಲವೇ, ಇಂಜಿನ್ ಬಿಸಿಗೆ ಮೂಲವ್ಯಾಧಿ ಎಂದು ಎಲ್ಲರೂ ಹೇಳಿದರು. ಮೂಲವ್ಯಾಧಿಗೆ ಸುವರ್ಣಗಡ್ಡೆ ಒಳ್ಳೆಯದು ತಾನೇ? ಅವರ ಹೆಂಡತಿ ದಿನಕ್ಕೊಂದು ಬಗೆಯಲ್ಲಿ ಸುವರ್ಣಗಡ್ಡೆ ಬೇಯಿಸಿ ಹಾಕಿದರು. ಮಜ್ಜಿಗೆ ಕುಡಿಸಿದರು. ಡ್ರೈವರ್ ಮಾತ್ರ ಸೀಟಿನ ಮೇಲೆ ದಿಂಬು ಹಾಕಿಕೊಂಡು ಒಂದೂವರೆ ವರ್ಷ ಬಸ್ ಓಡಿಸಿದರು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದಾಗ, ಇದು ದೊಡ್ಡ ಕರುಳಿನ ಕ್ಯಾನ್ಸರ್, ಈಗಾಗಲೇ ಲಿವರ್‌ಗೆ ಹೋಗಿದೆ, ಒಂದು ವರ್ಷ ಮೊದಲು ಬಂದಿದ್ದರೆ ಕತ್ತರಿಸಿ ತೆಗೆದು ಮನೆಗೆ ಕಳಿಸುತ್ತಿದ್ದೆವು ಎಂದರಂತೆ. “ಕತ್ತರಿಸಿ ತೆಗೆದು ಮನೆಗೆ ಕಳಿಸುತ್ತಿದ್ದೆವು” ಎನ್ನುವ ಮಾತನ್ನು, ಅವರು ತೀರಿಕೊಂಡ ಮೇಲೆ, ನಮ್ಮಣ್ಣ ಮೂರು ದಿನ ಒಬ್ಬನೇ ಹೇಳಿಕೊಂಡ. ಆವತ್ತಿನಿಂದ ಸುವರ್ಣಗಡ್ಡೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸಂತೆಯಲ್ಲಿ ಅದನ್ನು ಮಾರುವವಳ ಮುಂದೆ ನಿಂತು ಹಲ್ಲು ಕಡಿದದ್ದೂ ಉಂಟು. ಅವಳೇನು ಮಾಡಿದ್ದಳು ಪಾಪ!

ಇನ್ನು ಬೊಟ್ಟಿನ ಕಥೆ ಹೇಳಬೇಕು. ಒಂದು ದಿನ ಬಸ್‌ಸ್ಟ್ಯಾಂಡಿನ ಬಳಿಯ ಫ್ಯಾನ್ಸಿ ಸ್ಟೋರಿನವಳು ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಿನಲ್ಲಿ, “ಅಕ್ಕ, ನಿಮ್ಮಣ್ಣ ವಾರ ವಾರ ಸ್ಟಿಕ್ಕರ್ ಬೊಟ್ಟು ತಗಂಡೋಯ್ತಾರೆ. ದೊಡ್ಡದೊಂದು ಪ್ಯಾಕೆಟ್ಟು, ಚಿಕ್ಕದೊಂದು ಪ್ಯಾಕೆಟ್ಟು. ಯಾರಿಗಕ್ಕ?” ಎಂದಳು.

ನನಗೆ ನೆಲ ಬಿರಿದ ಹಾಗಾಯಿತು. ಮದುವೆಯಾಗದೆ ಐವತ್ತು ದಾಟಿದವನು! ಬೊಟ್ಟು! ಅದೂ ಎರಡು ಸೈಜು! ಅಂದರೆ ತಾಯಿ, ಮಗಳು ಇಬ್ಬರೂ ಇದ್ದಾರೆಯೇ? ಒಂದು ವಾರ ಊಟ ಸೇರಲಿಲ್ಲ. ಅವನು ತಿಥಿಯೊಂದಕ್ಕೆ ಹೋದ ದಿನ ಅವನ ಕೋಣೆಗೆ ನುಗ್ಗಿದೆ.

ಗೋಡೆ ನೋಡಿ ಅಲ್ಲೇ ನಿಂತೆ. ಸುಣ್ಣ ಬಳಿದ ಗೋಡೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ರಸ್ತೆ ಬರೆದಿದ್ದ. ಮೇಲೆ ಅರಸೀಕೆರೆ, ಕೆಳಗೆ ಬೇಲೂರು, ನಡುವೆ ಜಾವಗಲ್, ಹಳೇಬೀಡು. ಪಕ್ಕಕ್ಕೆ ಒಡೆದು ಗಂಡಸಿ. ಸ್ಟಾಪುಗಳ ಹತ್ತಿರ ಅಲ್ಲಲ್ಲಿ ಮೆರೂನ್ ಬೊಟ್ಟುಗಳು. ದೊಡ್ಡವು, ಚಿಕ್ಕವು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಆ ರಸ್ತೆ ಅರ್ಥವಾಗುವ ಹಾಗಿತ್ತು. ಅಷ್ಟರಲ್ಲಿ ಅವನೇ ಬಂದ.

“ದೊಡ್ಡದು ಅರವತ್ತು ದಾಟಿ ಹೋದೋರು. ಚಿಕ್ಕದು ಅದರೊಳಗೆ ಹೋದೋರು. ಎಲ್ಲಾ ಕರುಳಿಂದು” ಎಂದ, ಮನೆಗೆ ಬಂದ ನೆಂಟರನ್ನು ಪರಿಚಯ ಮಾಡಿಸುವ ಹಾಗೆ. “ಮೊದಲು ದೊಡ್ಡ ಪ್ಯಾಕೆಟ್ಟೇ ಖಾಲಿ ಆಗ್ತಿತ್ತು ಕಣೇ. ಈಗೀಗ ಚಿಕ್ಕದು ಬೇಗ ಮುಗೀತೈತೆ. ನಲವತ್ತೈದಕ್ಕೆಲ್ಲ ಹೋಗೋಕೆ ಹತ್ತವ್ರೆ. ಯಾಕೆ ಅಂತ ಗೊತ್ತಾಗ್ತಿಲ್ಲ ನಂಗೆ.”

“ಈ ಹೊಳೆಯೋ ಕಲ್ಲಿನ ಬೊಟ್ಟು ಯಾರ್ದು?”

“ಅದು ಉಳಿದೋರ್ದು.” ಆಗ ಅಂಥದ್ದು ಒಂದೇ ಒಂದಿತ್ತು.

ಆ ಒಂದು, ನಮ್ಮ ಗಿರಣಿಗೆ ರಾಗಿ ತರುವ ಹೆಂಗಸಿನದು. ಕೆಳಗಿನ ಬೀದಿಯವಳು, ಬಾಯಿ ಬಹಳ ಜೋರು. ಕಾರಣವಿಲ್ಲದೆ ಬಿಳಿಚಿಕೊಂಡು ಸುಸ್ತಾಗುತ್ತಿದ್ದಳು. ನಮ್ಮಣ್ಣ ಕ್ಯೂನಲ್ಲೇ ನಿಲ್ಲಿಸಿ ಎಲ್ಲರೆದುರು ತನ್ನ ಪ್ರಶ್ನೆ ಕೇಳಿದ. ಅವಳು ರಾಗಿಯ ಪುಟ್ಟಿಯನ್ನು ಅವನ ಮೇಲೆ ಎತ್ತಿದಳು. ಆದರೆ ಮಾರನೇ ದಿನ ಮೆಲ್ಲಗೆ ಬಂದು, “ಕಂಡಕ್ಟ್ರಣ್ಣ, ನೀ ಹೇಳ್ದಂಗೇ ಐತೆ” ಎಂದಳು. ಇವನು ತಾನೇ ಹಾಸನಕ್ಕೆ ಕರೆದುಕೊಂಡು ಹೋದ. ಕ್ಯಾಮೆರಾ ಬಿಟ್ಟು ನೋಡಿ, ಒಳಗೆ ಬೆಳೆಯುತ್ತಿದ್ದ ಸಣ್ಣ ಗಂಟನ್ನು ತೆಗೆದರು. ಇನ್ನೂ ಕೆಟ್ಟದ್ದಾಗಿರಲಿಲ್ಲ. ಈಗ ಅವಳು ಆ ಪುಟ್ಟಿಯನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ.

ಗೋಡೆ ತುಂಬುತ್ತಾ ಬಂದ ಹಾಗೆ ನಮ್ಮಣ್ಣನಿಗೆ ಒಂದು ವಿಚಿತ್ರ ಕಂಡಿತು. ಗಂಡಸಿಯ ಕಡೆ ಬೊಟ್ಟುಗಳ ಜಾತ್ರೆ, ಹಳೇಬೀಡು ಬೋಳು! ಯಾಕೆ? ಮೊದಲು ಗಂಡಸಿಯ ನೀರಿನ ಮೇಲೆ ಅನುಮಾನಪಟ್ಟ. ಆಮೇಲೆ ಬಾಡೂಟದ ಮೇಲೆ. ಆಮೇಲೆ ಗುಟ್ಕಾದ ಮೇಲೆ. ಹಳೇಬೀಡಿನಲ್ಲಿ ಬಸದಿಗಳ ಹತ್ತಿರ ಜೈನರಿದ್ದಾರೆ, ಕತ್ತಲಾಗುವ ಮೊದಲೇ ಉಂಡು ಮುಗಿಸುತ್ತಾರೆ, ಅದರ ಗಾಳಿಯೇ ಇಡೀ ಊರಿಗೆ ತಗುಲಿರಬೇಕು ಎಂದು ತೀರ್ಮಾನಿಸಿದ. ನಮ್ಮ ಮನೆಯಲ್ಲಿ ಎರಡು ತಿಂಗಳು ಸಂಜೆ ಐದೂವರೆಗೆ ಮುದ್ದೆ! ಏಳಕ್ಕೆ ಹಸಿವಾಗಿ ನಮ್ಮೆಜಮಾನರು ಬೇಕರಿಗೆ ಹೋಗಿ ಬನ್ ತಿಂದು ಬರುತ್ತಿದ್ದರು.

ಹಳೇಬೀಡಿನಲ್ಲಿ ಬಟ್ಟೆ ಅಂಗಡಿ ಇಟ್ಟ ಒಬ್ಬ ಜೈನ ಹಿರಿಯರಿದ್ದಾರೆ. ನಾನು ಸೀರೆ ನೋಡುತ್ತಿದ್ದಾಗ ಇವನು ಅವರ ಮುಂದೆ, “ಯಜಮಾನ್ರೇ, ನಿಮ್ಮೂರೇ ಊರು ಬಿಡ್ರಿ. ನನ್ನ ಗೋಡೇಲಿ ಒಂದೂ ಬೊಟ್ಟಿಲ್ಲ” ಎಂದು ಹೊಗಳತೊಡಗಿದ. ಅವರು ಮಡಿಸುತ್ತಿದ್ದ ಪಂಚೆಯನ್ನು ಹಾಗೇ ಬಿಟ್ಟರು.

“ಕಂಡಕ್ಟ್ರೇ, ನಮ್ಮೂರಲ್ಲಿ ಸಾಯ್ತಾ ಇಲ್ಲ ಅಂತಲ್ಲ. ಹೇಳ್ತಾ ಇಲ್ಲ. ನಮ್ಮತ್ತಿಗೆ ಹೋಗಿದ್ದು ಅದರಿಂದಲೇ. ನೆಂಟರಿಗೂ ಹೇಳಿಲ್ಲ ನಾವು. ನೀವು ಹೀಗೆ ಹೊಗಳ್ಕೊಂಡು ತಿರುಗೋದನ್ನ ಕೇಳೋಕಾಗದೆ ಇವತ್ತು ಹೇಳ್ತಿದ್ದೀನಿ.”

“ಹಂಗಾದ್ರೆ ಗಂಡಸಿ ಕಡೆ?”

“ಅಲ್ಲಿ ಯಾರೋ ಮನೆಮನೆಗೆ ಹೋಗಿ ಧೈರ್ಯ ಹೇಳ್ತಿರಬೇಕು, ನೋಡಿ.”

ನಿಜ! ಗಂಡಸಿಯ ಕಡೆ ಒಬ್ಬ ಆಶಾ ಕಾರ್ಯಕರ್ತೆ ಇದ್ದಳು, ನಮ್ಮಣ್ಣನಿಗಿಂತ ಜೋರು. ಮುಜುಗರವಿಲ್ಲದೆ ಎಲ್ಲರನ್ನೂ ವಿಚಾರಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ಅದಕ್ಕೇ ಅಲ್ಲಿ ಕಾಯಿಲೆಗೆ ಹೆಸರಿತ್ತು. ಉಳಿದ ಕಡೆ ಅದೇ ಕಾಯಿಲೆ ಹೊಟ್ಟೆನೋವು, ಉಷ್ಣ, ವಯಸ್ಸು ಎನ್ನುವ ಹೆಸರುಗಳಲ್ಲಿ ತಲೆಮರೆಸಿಕೊಂಡು ತಿರುಗುತ್ತಿತ್ತು.

ಆವತ್ತು ಗಿರಣಿಗೆ ಬಂದವನೇ ನನ್ನ ಮುಂದೆ ನಿಂತು, “ಖಾಲಿ ಇರೋ ಊರು ಆರೋಗ್ಯದ ಊರಲ್ಲ ಕಣೇ, ಬಾಯಿ ಮುಚ್ಕಂಡಿರೋ ಊರು. ನಮ್ಮ ಬೀದೀನೇ ನೋಡು, ಒಂದೂ ಇಲ್ಲ. ಇಲ್ಲೂ ಯಾವಳೋ ಸುಳ್ಳಿ ಅವ್ಳೆ!” ಎಂದು ಗಹಗಹಿಸಿ ನಕ್ಕ. ನನ್ನ ಕೈಯಲ್ಲಿದ್ದ ಹಿಟ್ಟಿನ ಡಬ್ಬ ನೆಲಕ್ಕೆ ಬಿತ್ತು. “ಸೀಟು ಹಿಡ್ಕಂಡು ನಿಂತ್ಕಬೇಕಮ್ಮ” ಎಂದು ಅದಕ್ಕೂ ನಕ್ಕ.

ಆ ಸುಳ್ಳಿಯ ಕಥೆ ಈಗ ಹೇಳುತ್ತೇನೆ.

ಅವ್ವ ನನ್ನ ಮನೆಯಲ್ಲೇ ಇದ್ದಳು. ಅಣ್ಣ ಆಗ ಕೆಲಸದಲ್ಲಿದ್ದ; ವಾಸ ಅರಸೀಕೆರೆಯಲ್ಲಿ. ದಿನಾ ಮಧ್ಯಾಹ್ನ ಅವನ ಬಸ್ ಜಾವಗಲ್ಲಿನಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು. ಅವ್ವ ಊಟದ ಡಬ್ಬಿ ಹಿಡಿದು ಸ್ಟ್ಯಾಂಡಿಗೆ ಹೋಗಿ ಕೊಡುತ್ತಿದ್ದಳು. ಅವಳಿಗೆ ಆಗದೇ ಹೋದಾಗ ನಾನು ಹೋಗತೊಡಗಿದೆ. “ಅವ್ವ ಹೆಂಗವ್ಳೆ?” ಎನ್ನುತ್ತಿದ್ದ ಫುಟ್‌ಬೋರ್ಡಿನಿಂದಲೇ. “ಚೆನ್ನಾಗವ್ಳೆ” ಎನ್ನುತ್ತಿದ್ದೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರು. ಎರಡು ನಿಮಿಷದಲ್ಲಿ ಇನ್ನೇನು ತಾನೇ ಹೇಳಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಮನೆಗೆ ಬಂದು, ಹಿತ್ತಿಲ ಕಲ್ಲಿನ ಮೇಲೆ ಅವಳ ರಕ್ತದ ಬಟ್ಟೆ ಒಗೆಯುತ್ತಿದ್ದೆ.

ಹಾಸನಕ್ಕೆ ಕರೆದುಕೊಂಡು ಹೋಗುವಾಗ ಅಣ್ಣನ ಬಸ್ ಹೋಗುವ ತನಕ ಹೋಟೆಲಿನ ಹಿಂದೆ ಅಡಗಿ ನಿಂತು ಪ್ರೈವೇಟ್ ಬಸ್ ಹತ್ತಿದೆವು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ತಡವಾಯಿತು ಎಂದರು. ವಾಪಸು ಬರುವಾಗ ಅವ್ವ ನನ್ನ ಕೈ ಹಿಡಿದು, “ನಿಮ್ಮಣ್ಣಂಗೆ ಹೇಳ್ಬೇಡ ಕಣವ್ವ. ಅವನಿಗೆ ಹೇಳಿದ್ರೆ ಬೇಲೂರಿನ ಗಂಟ ಎಲ್ಲಾರಿಗೂ ಟಿಕೆಟ್ ಹರ್ದಂಗೆ ಹರೀತಾನೆ” ಎಂದಳು. ಇಬ್ಬರೂ ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ವಾರದ ರಜೆಯಲ್ಲಿ ಅವನು ನೋಡಲು ಬರುವ ದಿನ ಅವ್ವ ಎದ್ದು, ಮುಖ ತೊಳೆದು, ಒಳ್ಳೆ ಸೀರೆ ಉಟ್ಟು, ಗೋಡೆಗೊರಗಿ ಕೂರುತ್ತಿದ್ದಳು. ಅವನಿಗೆ ಏನೂ ಗೊತ್ತಾಗಲಿಲ್ಲ. ಸತ್ತಾಗ “ಹೊಟ್ಟೆನೋವು ಬಂತು, ವಯಸ್ಸಾಗಿತ್ತು” ಎಂದೆ. ತಲೆಯಲ್ಲಿ ಕಪ್ಪು ಕೂದಲೇ ಹೆಚ್ಚಿದ್ದವಳಿಗೆ ವಯಸ್ಸಾಗಿತ್ತಂತೆ!

ಅವ್ವ ಹೋದ ಮೇಲೆ ಹೇಳಬಹುದಿತ್ತಲ್ಲವೇ? ಆಗ ನನ್ನ ಮಗಳಿಗೆ ಗಂಡು ಗೊತ್ತಾಗುತ್ತಿತ್ತು. ಆ ವಂಶದಲ್ಲಿ ಅಂಥ ಕಾಯಿಲೆ ಇದೆ ಎಂದು ಬೀಗರು ತಿರುಗಿ ನೋಡದೆ ಹೋದರೆ? ಮದುವೆಯಾಯಿತು. ಮೊಮ್ಮಗುವೂ ಆಯಿತು. ಆಮೇಲೂ ಹೇಳಲಿಲ್ಲ. ನಾನು ಗೋಡೆ ನೋಡಿದ ದಿನ ಅವನು ಪೆನ್ಸಿಲ್ ಹಿಡಿದು, “ಅವ್ವಂಗೆ ಇಂಥದ್ದೇನೂ ಇರ್ಲಿಲ್ವಾ?” ಎಂದು ನೇರವಾಗಿ ಕೇಳಿದ. “ಇಲ್ಲ” ಎಂದೆ. ಆ ಒಂದು ಮಾತಿಗೆ ಅವ್ವನೂ ಕಾರಣವಲ್ಲ, ಬೀಗರೂ ಕಾರಣವಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ನಮ್ಮಣ್ಣ ಚೀಲದಿಂದ ಏನನ್ನೋ ತೆಗೆದು ಅಡಿಗೆಮನೆಯಲ್ಲಿ ಇಟ್ಟ. ನೋಡಿದರೆ ಸುವರ್ಣಗಡ್ಡೆ!

“ಹುಳಿ ಮಾಡೇ ಇದನ್ನ” ಎಂದ, ಮುಖ ಬೇರೆ ಕಡೆ ಮಾಡಿ. ಕೂರುವಾಗ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡ.

ನಾನು ಸೌಟು ಕೆಳಗಿಟ್ಟೆ. “ಅಣ್ಣಯ್ಯ, ಎಷ್ಟು ದಿನದಿಂದ?”

“ನಾಕೈದು ತಿಂಗಳಾಯ್ತು. ಗಾಬರಿ ಬೀಳ್ಬೇಡ. ಇದು ಬರೀ ಮೂಲವ್ಯಾಧಿ. ಮೂವತ್ತು ವರ್ಷ ಬಸ್ಸಲ್ಲಿ ನಿಂತಿದ್ದಕ್ಕೆ ಬಂದಿರೋದು. ನಮ್ಮ ವಂಶದಲ್ಲಿ ಯಾರಿಗೂ ಇಲ್ವಲ್ಲ, ನನಗೆ ಬರೋದಲ್ಲ ಅದು.”

ಅರ್ಧ ತಾಲ್ಲೂಕನ್ನು ಆಸ್ಪತ್ರೆಗೆ ಓಡಿಸಿದವನು, ನನ್ನ ಒಂದು “ಇಲ್ಲ”ವನ್ನು ನಂಬಿ ಸುವರ್ಣಗಡ್ಡೆ ತಂದಿದ್ದ. ಆಗಲೂ ನಾನು ಬಾಯಿ ಬಿಟ್ಟೆನೇ? ಇಲ್ಲ. ಕೆಳಗಿನ ಬೀದಿಯ ಆ ಬಾಯಿಜೋರಿನವಳ ಹತ್ತಿರ ಓಡಿದೆ. ಅವಳು ಗಿರಣಿಗೆ ಬಂದು ತುಂಬಿದ ಕ್ಯೂನ ಎದುರು ನಿಂತಳು.

“ಏನ್ ಕಂಡಕ್ಟ್ರಣ್ಣ, ನನ್ನ ಮಾನ ಊರ ಮುಂದೆ ಹರಾಜಾಕಿ ಹಾಸನಕ್ಕೆ ಎಳ್ಕಂಡೋದೆ. ಈಗ ನೀನು ಟವೆಲ್ ಮೇಲೆ ಕುಂತೀಯಾ? ಹೇಳು, ಕೆಂಪಗೈತಾ, ಕಪ್ಪಗೈತಾ?”

ಕ್ಯೂನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಮ್ಮಣ್ಣ ಜೀವನದಲ್ಲಿ ಮೊದಲ ಸಲ ನಾಚಿಕೊಂಡ. ಮಾರನೇ ದಿನವೇ ಹಾಸನಕ್ಕೆ ಹೊರಟೆವು.

ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎಲ್ಲ ಕೇಳಿ ಬರೆದುಕೊಂಡು, ಕೊನೆಗೆ ತಲೆಯೆತ್ತಿ, “ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತಾ?” ಎಂದರು. ನಮ್ಮಣ್ಣ ಎಷ್ಟೋ ಪಂಕ್ತಿಗಳಲ್ಲಿ ಕೇಳಿದಂಥದ್ದೇ ಪ್ರಶ್ನೆ! ತನ್ನದೇ ಪಾಠವನ್ನು ಬೇರೆಯವರ ಬಾಯಲ್ಲಿ ಕೇಳಿದ ಮೇಷ್ಟರ ಹಾಗೆ ಖುಷಿಯಾಗಿ, “ಯಾರಿಗೂ ಇಲ್ಲ ಡಾಕ್ಟ್ರಮ್ಮ, ನಮ್ಮದು ಕ್ಲೀನ್ ವಂಶ” ಎಂದ.

“ಇತ್ತು” ಎಂದೆ ನಾನು. “ನಮ್ಮವ್ವಂಗಿತ್ತು. ಅದ್ರಿಂದಲೇ ಹೋದ್ಲು.”

ಡಾಕ್ಟರಮ್ಮ ಬರೆದುಕೊಂಡರು. ಅವರ ಪಾಲಿಗೆ ಅದು ಒಂದು ಸಾಲು. ಅಣ್ಣ ನನ್ನನ್ನು ನೋಡಿದ. ಟಿಕೆಟ್ ಕೊಂಡಿದ್ದೇನೆ ಎಂದು ಮೂವತ್ತು ವರ್ಷ ನಂಬಿಸಿದ ಪ್ರಯಾಣಿಕನನ್ನು ನೋಡುವ ಹಾಗೆ ನೋಡಿದ. ವಾಪಸು ಜಾವಗಲ್ಲಿಗೆ ಬರುವಾಗ ಬಸ್ಸಿನಲ್ಲಿ ನಮ್ಮಣ್ಣ ಸುಮ್ಮನೆ ಕೂತದ್ದನ್ನು ಕಂಡು ಆ ಕಂಡಕ್ಟರ್ ಹುಡುಗನೇ ಹೆದರಿ, “ಸಾರ್, ಹುಷಾರಾಗಿದ್ದೀರಾ?” ಎಂದು ಎರಡು ಸಲ ಕೇಳಿದ.

ಕ್ಯಾಮೆರಾ ಬಿಟ್ಟು ನೋಡಿದರು. ಗಂಟಿತ್ತು. ಮೂಲವ್ಯಾಧಿಯಲ್ಲ, ಅದೇ. ಆದರೆ ಕರುಳಿನ ಗೋಡೆ ದಾಟಿರಲಿಲ್ಲ. ಅಷ್ಟು ಭಾಗ ಕತ್ತರಿಸಿ ಎರಡು ತುದಿ ಸೇರಿಸುತ್ತೇವೆ ಎಂದರು. ಆಪರೇಷನ್ ದಿನ ಗಾಲಿ ಮಂಚದಲ್ಲಿ ಮಲಗಿಸಿ ಒಳಗೆ ತಳ್ಳುವಾಗ ಎಲ್ಲರೂ ಒಂದು ಕ್ಷಣ ಬಾಗಿಲ ಬಳಿ ನಿಂತರು. ಹಸಿರು ಬಟ್ಟೆಯೊಳಗಿಂದ ಒಂದು ದನಿ ಬಂತು: “ರೈಟ್!” ತಳ್ಳುತ್ತಿದ್ದ ನರ್ಸ್ ಬೆಚ್ಚಿಬಿದ್ದು ಗಾಡಿ ಓಡಿಸಿಯೇಬಿಟ್ಟಳು.

ಕತ್ತರಿಸಿ ತೆಗೆದರು. ಮನೆಗೆ ಕಳಿಸಿದರು. ಡಾಕ್ಟರಮ್ಮ ನನ್ನನ್ನೂ ಬಿಡಲಿಲ್ಲ, ನನ್ನ ಪರೀಕ್ಷೆಯೂ ಆಯಿತು. ನನಗೇನೂ ಇರಲಿಲ್ಲ. ಮಗಳಿಗೂ ನಾನೇ ಫೋನು ಮಾಡಿ ಎಲ್ಲ ಹೇಳಿದೆ. ಬೀಗರು ಕೇಳಿ ಕೋಪಿಸಿಕೊಳ್ಳಲಿಲ್ಲ. ನಮ್ಮ ಬೀಗಿತ್ತಿ ಮೆಲ್ಲಗೆ, “ನನಗೂ ಒಂದ್ಸಲ ತೋರಿಸ್ಬೇಕು ಅಕ್ಕ” ಎಂದಳು. ಇವರಿಗೆ ಹೆದರಿ ನಾನು ಹನ್ನೆರಡು ವರ್ಷ ಬಾಯಿ ಮುಚ್ಚಿದ್ದೆ!

ಅಣ್ಣ ಗಂಜಿ ಕೇಳುತ್ತಿದ್ದ, ನೀರು ಕೇಳುತ್ತಿದ್ದ, ಅವ್ವನ ಮಾತು ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗಿತ್ತು.

ಎರಡು ತಿಂಗಳ ಮೇಲೆ, ಅವನು ಗೋಡೆ ಹಿಡಿದು ನಡೆಯುವುದನ್ನು ಬಿಟ್ಟ ದಿನ, ಬೆಳಿಗ್ಗೆ ಕಾಫಿ ಕೊಡಲು ಅವನ ಕೋಣೆಗೆ ಹೋದೆ. ಅವನು ಆ ನೀಲಿ ರಸ್ತೆಯ ಮುಂದೆ ನಿಂತಿದ್ದ. ನಾನು ಲೋಟ ಕೆಳಗಿಟ್ಟು, ನನ್ನ ಹಣೆಯ ಬೊಟ್ಟನ್ನು ತೆಗೆದು, ಜಾವಗಲ್ಲಿನಲ್ಲಿ ನಮ್ಮ ಬೀದಿ ಇರುವ ಕಡೆ ಅಂಟಿಸಿದೆ. 

ಅಣ್ಣ ಬಗ್ಗಿ ನೋಡಿದ. ಉಗುರಿನಿಂದ ಮೆಲ್ಲಗೆ ಅದನ್ನು ಬಿಡಿಸಿದ. ಗೋಡೆಯಲ್ಲೂ ನನ್ನನ್ನು ನಂಬುವುದಿಲ್ಲ ಎಂದುಕೊಂಡೆ. ಅವನು ಆ ಬೊಟ್ಟನ್ನು ತಂದು ನನ್ನ ಹಣೆಗೆ ಸೊಟ್ಟಗೆ ಒತ್ತಿದ.

“ದೊಡ್ಡದು ಹಾಕಿದ್ದೀಯಲ್ಲೇ. ಅವ್ವಂಗೆ ಐವತ್ತೆಂಟು ಕಣೇ. ಚಿಕ್ಕದು ಬೇಕು.”

ಪ್ಯಾಕೆಟ್ಟಿನಿಂದ ಚಿಕ್ಕದೊಂದನ್ನು ತೆಗೆದು ಅಂಟಿಸಿದ. ಅದರ ಪಕ್ಕದಲ್ಲೇ, ಎರಡೂ ತಾಗುವ ಹಾಗೆ, ತನಗೊಂದು ಹೊಳೆಯುವ ಕಲ್ಲಿನ ಬೊಟ್ಟು. ಆಮೇಲೆ ಎರಡರ ಮೇಲೂ ಹೆಬ್ಬೆರಳಿಟ್ಟು ಬಹಳ ಹೊತ್ತು ಒತ್ತಿ ಹಿಡಿದುಕೊಂಡ.

“ಅಣ್ಣಯ್ಯ” ಎಂದೆ. “ಹೇಳ್ಬೇಡ ಅಂತ ಅವ್ವ ಹೇಳಿದ್ದು ಒಂದೇ ದಿನ. ಹನ್ನೆರಡು ವರ್ಷ ಹೇಳದೆ ಇದ್ದೋಳು ನಾನು. ನಿನ್ನ ಜೀವಕ್ಕಿಂತ ನನ್ನ ಮರ್ಯಾದೆ ದೊಡ್ಡದು ಅನ್ಕಂಡೆ. ನಂದು ತಪ್ಪಾಯ್ತು ಕಣಣ್ಣಯ್ಯ.”